ಹೊಲದ ಗಡಿಯೂ ನೀರಿನ ಹಾದಿಯೂ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಮಹಾರಾಷ್ಟ್ರದ ಎಲ್ಲೆಯ ಬಳಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ ಮತ್ತು ಅಥಣಿ ಎಂಬ ಐದು ತಾಲೂಕುಗಳಿವೆ. ನಿಪ್ಪಾಣಿಯು ಮೊದಲು ಚಿಕ್ಕೋಡಿಯಲ್ಲಿಯೂ ಕಾಗವಾಡವು ಅಥಣಿಯಲ್ಲಿಯೂ ಸೇರಿದ್ದವು. ಈ ನಾಡಿನಲ್ಲಿ ಪಡುವಣದಿಂದ ಮೂಡಣಕ್ಕೆ ಪ್ರಯಾಣ ಮಾಡಿದವನಿಗೆ ಮೊದಲು ನಿಪ್ಪಾಣಿಯ ಹೊಗೆಸೊಪ್ಪಿನ ಹೊಲಗಳೂ, ಬಳಿಕ ನದಿಗಳ ದಂಡೆಯ ಕಬ್ಬಿನ ಗದ್ದೆಗಳೂ, ಕೊನೆಯಲ್ಲಿ ಅಥಣಿಯ ಮೂಡಣ ಭಾಗದ ಜೋಳದ ಹೊಲಗಳೂ ಮಡ್ಡಿ ನೆಲವೂ ಕಾಣಿಸುವುವು.

ಈ ದಾರಿಯಲ್ಲಿ ಇಬ್ಬರು ರೈತರನ್ನು ಮಾತನಾಡಿಸಿದೆವೆಂದು ಭಾವಿಸೋಣ. ಒಬ್ಬನ ಹೊಲ ಅಥಣಿಯ ಮೂಡಣ ದಿಕ್ಕಿನ ಇಳಿಜಾರಿನಲ್ಲಿದೆ. ಬಿದ್ದ ಮಳೆ ನಿಲ್ಲುವುದಿಲ್ಲವೆಂಬುದು ಅವನ ದೂರು. ಇನ್ನೊಬ್ಬನ ಹೊಲ ಕೃಷ್ಣೆಯ ದಂಡೆಗೆ ಸಮೀಪದ ತಗ್ಗಿನಲ್ಲಿದೆ. ನಿಂತ ನೀರು ಹೋಗುವುದಿಲ್ಲವೆಂಬುದು ಅವನ ದೂರು. ಇಬ್ಬರೂ ತಮ್ಮ ಹೊಲದ ಉತಾರವನ್ನು ಹಿಡಿದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತಾರೆ. ಇಬ್ಬರಿಗೂ ಸರಕಾರದ ಸಹಾಯ ಉಂಟು. ಆದರೆ ಉತಾರದಲ್ಲಿ ಬರೆದಿರುವುದು ಒಬ್ಬನ ಹೊಲದ ಗಡಿ ಮಾತ್ರ. ನೀರು ಆ ಗಡಿಯನ್ನು ಅರಿಯದು. ಈ ಒಂದು ಸಂಗತಿಯನ್ನು ಚೆನ್ನಾಗಿ ಗ್ರಹಿಸಿದರೆ, ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಭೂಸಂರಕ್ಷಣೆಯ ಕಾರ್ಯಗಳು ಎಲ್ಲಿ ಫಲಿಸಿದವು, ಎಲ್ಲಿ ಸೋತವು ಎಂಬುದು ತಿಳಿಯುವುದು.

ನೆಲ ಮತ್ತು ಮಳೆ

ಈ ಪ್ರದೇಶದ ನೆಲದಡಿಯಲ್ಲಿರುವುದು ಹೆಚ್ಚಾಗಿ ದಖ್ಖಣದ ಕಪ್ಪು ಶಿಲೆ. ಪುರಾತನ ಕಾಲದಲ್ಲಿ ಲಾವಾರಸವು ಹರಿದು ಹೆಪ್ಪುಗಟ್ಟಿ ಆದ ಈ ಶಿಲೆ ಶಿಥಿಲಗೊಂಡು ಎರೆಮಣ್ಣಾಗಿದೆ. ದಿನ್ನೆಗಳ ಮೇಲೆ ಮಣ್ಣಿನ ಪದರ ತೆಳುವಾಗಿದ್ದು ಗರಸು ಬೆರೆತಿರುತ್ತದೆ. ತಗ್ಗಿನಲ್ಲಿಯೂ ನದಿಯ ದಂಡೆಯಲ್ಲಿಯೂ ಅದು ಆಳವಾಗಿ ಕಪ್ಪಾಗಿರುತ್ತದೆ. ಸಹ್ಯಾದ್ರಿಯಿಂದ ದೂರ ಹೋದಂತೆಲ್ಲ ಮಳೆ ಕಡಿಮೆಯಾಗುತ್ತದೆ. ಆದುದರಿಂದಲೇ ಕೃಷಿ ವಿಜ್ಞಾನಿಗಳು ಚಿಕ್ಕೋಡಿಯ ಸೀಮೆಯನ್ನು ಉತ್ತರದ ಅರೆಮಲೆನಾಡು ವಲಯದಲ್ಲಿಯೂ, ರಾಯಬಾಗ ಅಥಣಿಗಳನ್ನು ಉತ್ತರದ ಒಣ ವಲಯದಲ್ಲಿಯೂ ಸೇರಿಸಿದ್ದಾರೆ.

ಮಳೆ ಕಡಿಮೆಯಾದ ನಾಡಿಗೆ ನದಿಗಳು ಮಾತ್ರ ಧಾರಾಳವಾಗಿ ಬಂದಿವೆ. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯು ಸಾಂಗಲಿಯನ್ನು ದಾಟಿ ಇಲ್ಲಿಗೆ ಬರುತ್ತಾಳೆ. ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆಯು ಚಿಕ್ಕೋಡಿಯ ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಘಟಪ್ರಭೆಯ ಹಿಡಕಲ್ ಜಲಾಶಯದ ಕಾಲುವೆಗಳು ಚಿಕ್ಕೋಡಿ, ರಾಯಬಾಗಗಳ ಹೊಲಗಳಿಗೆ ನೀರೊದಗಿಸುತ್ತವೆ. ಹೀಗೆ ನೀರಿನ ಕೊರತೆಯೂ ನೀರಿನ ಅತಿಶಯವೂ ಒಂದೇ ಸೀಮೆಯಲ್ಲಿ, ಕೆಲವೆಡೆ ಒಂದೇ ಊರಿನಲ್ಲಿ, ನೆರೆಹೊರೆಯಾಗಿ ಕಂಡುಬರುತ್ತವೆ.

ಮಣ್ಣು ಹೋಗುವ ಬಗೆ

ಮಳೆಯ ದೊಡ್ಡ ಹನಿಯೊಂದು ಸೆಕೆಂಡಿಗೆ ಸುಮಾರು ೯ ಮೀಟರು ವೇಗದಿಂದ ನೆಲಕ್ಕೆ ಬಡಿಯುತ್ತದೆ. ಬರಿಯ ನೆಲದಲ್ಲಿ ಆ ಪೆಟ್ಟಿಗೆ ಮಣ್ಣಿನ ಹೆಂಟೆ ಒಡೆದು ಸಣ್ಣ ಕಣಗಳಾಗುತ್ತದೆ. ಆ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಇಂಗಲು ದಾರಿಯಿಲ್ಲದ ನೀರು ಇಳಿಜಾರು ಹಿಡಿದು ಹೊರಡುತ್ತದೆ; ಹೊರಡುವಾಗ ಬಿಡಿಗೊಂಡ ಕಣಗಳನ್ನು ಹೊತ್ತುಕೊಂಡು ಹೋಗುತ್ತದೆ.

ಇದರ ಪ್ರಮಾಣವನ್ನು ಸರಳವಾದ ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆಯೆಂದರೆ ಸುಮಾರು ೪,೦೪೭ ಚದರ ಮೀಟರು. ಅದರ ಮೇಲೆ ೨೫ ಮಿಲಿಮೀಟರು ಮಳೆ ಬಿದ್ದರೆ, ಬಂದ ನೀರು ಸುಮಾರು ಒಂದು ಲಕ್ಷ ಲೀಟರು. ಅದೇ ಎಕರೆಯ ಮೇಲಿಂದ ಕೇವಲ ಒಂದು ಮಿಲಿಮೀಟರು ದಪ್ಪದ ಮಣ್ಣು ಕೊಚ್ಚಿಹೋದರೆ, ಹೋದ ಮಣ್ಣು ಸುಮಾರು ೪ ಘನಮೀಟರು, ತೂಕದಲ್ಲಿ ಸುಮಾರು ೫ ಟನ್ನು. ಒಂದು ಎತ್ತಿನ ಗಾಡಿಗೆ ಅರ್ಧ ಟನ್ನೆಂದು ಹಿಡಿದರೆ ಇದು ಹತ್ತು ಗಾಡಿ. ಒಂದು ಮಿಲಿಮೀಟರು ತಗ್ಗಿದ ನೆಲವನ್ನು ಯಾರ ಕಣ್ಣೂ ಗುರುತಿಸದು. ಆದರೆ ಗೊಬ್ಬರದ ಸಾರವೆಲ್ಲ ಇರುವುದು ಆ ಮೇಲ್ಪದರದಲ್ಲಿಯೇ. ಅಂತಹ ತೆಳುವಾದ ಪದರವೊಂದನ್ನು ಶಿಲೆಯಿಂದ ಹೊಸದಾಗಿ ನಿರ್ಮಿಸಲು ಪ್ರಕೃತಿಗೆ ಹಲವಾರು ವರ್ಷಗಳು ಬೇಕು.

ಒಡ್ಡಿನ ಕಥೆ

೧೮೭೬ರಿಂದ ೧೮೭೮ರ ವರೆಗಿನ ಘೋರ ಕ್ಷಾಮವು ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳನ್ನು ತೀವ್ರವಾಗಿ ಪೀಡಿಸಿತು. ೧೮೮೩ರಲ್ಲಿ ಭೂಸುಧಾರಣೆಯ ಸಾಲಗಳ ಕಾಯಿದೆಯೂ, ೧೮೮೪ರಲ್ಲಿ ಕೃಷಿಕರ ಸಾಲಗಳ ಕಾಯಿದೆಯೂ ಬಂದವು. ಬಾವಿ ತೋಡಲು, ಒಡ್ಡು ಹಾಕಲು, ಬೀಜ ಮತ್ತು ಎತ್ತುಗಳನ್ನು ಕೊಳ್ಳಲು ಸರಕಾರವು ಕೊಡುತ್ತಿದ್ದ ಈ ಸಾಲವೇ ಹಳಬರು ಹೇಳುವ ‘ತಗಾವಿ’. ತಗಾವಿಯಿಂದ ಅನೇಕರಿಗೆ ಉಪಕಾರವಾಯಿತು. ಆದರೆ ಅದು ಒಬ್ಬೊಬ್ಬ ರೈತನಿಗೆ ಬೇರೆಬೇರೆಯಾಗಿ ಕೊಡುವ ಸಾಲವಾಗಿತ್ತು. ದಿನ್ನೆಯ ಮೇಲಿನವನು ಒಡ್ಡು ಹಾಕದೆ ಕೆಳಗಿನವನೊಬ್ಬನೇ ಹಾಕಿದರೆ, ಮೇಲಿನ ಹೊಲಗಳ ನೀರೆಲ್ಲ ಒಟ್ಟಾಗಿ ಬಂದು ಆ ಒಡ್ಡನ್ನು ಒಡೆಯುತ್ತಿತ್ತು. ಸಾಲ ಮಾತ್ರ ಉಳಿಯುತ್ತಿತ್ತು.

ಈ ನಡುವೆ ವಿಜ್ಞಾನವೂ ಮುಂದುವರಿಯಿತು. ೧೯೨೩ರಲ್ಲಿ ಪುಣೆಯ ಬಳಿಯ ಮಾಂಜರಿಯಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ೧೯೩೦ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು ಮೊದಲಾದ ಕಡೆಗಳಲ್ಲಿ ಸಂಶೋಧನಾ ಕೇಂದ್ರಗಳು ಕೆಲಸ ಮಾಡಿದವು. ಅವುಗಳಿಂದ ರೂಪುಗೊಂಡ ‘ಮುಂಬಯಿ ಒಣಬೇಸಾಯ ಪದ್ಧತಿ’ಯ ಮುಖ್ಯಾಂಶಗಳು ಇವು: ಹೊಲಕ್ಕೆ ಒಡ್ಡು ಹಾಕುವುದು, ಕೆಲವು ವರ್ಷಗಳಿಗೊಮ್ಮೆ ಆಳವಾಗಿ ನೇಗಿಲು ಹೊಡೆಯುವುದು, ತಿಪ್ಪೆಗೊಬ್ಬರ ಹಾಕುವುದು, ಕಡಿಮೆ ಬೀಜವನ್ನು ಅಗಲವಾದ ಸಾಲುಗಳಲ್ಲಿ ಬಿತ್ತುವುದು, ಪದೇ ಪದೇ ಎಡೆಕುಂಟೆ ಹೊಡೆದು ಮಣ್ಣಿನ ಹಸಿಯನ್ನು ಕಾಯುವುದು.

ಇವುಗಳಲ್ಲಿ ಒಡ್ಡಿನ ಕೆಲಸವೊಂದನ್ನು ಮಾತ್ರ ಒಬ್ಬನೇ ಮಾಡಲಾರನೆಂಬುದನ್ನು ಶಾಸನಕಾರರು ಕಂಡುಕೊಂಡರು. ೧೯೪೨ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯು ಈ ದೃಷ್ಟಿಯಿಂದ ಮಹತ್ವದ್ದು. ಒಂದು ಪ್ರದೇಶಕ್ಕೆ ಒಟ್ಟಾಗಿ ಯೋಜನೆಯನ್ನು ತಯಾರಿಸಿ, ಅದನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಕೇಳಿ, ಬಳಿಕ ಜಾರಿಗೆ ತರುವ ಅಧಿಕಾರವನ್ನು ಅದು ಕೊಟ್ಟಿತು. ಆಗ ಬೆಳಗಾವಿ ಜಿಲ್ಲೆಯು ಮುಂಬಯಿಗೆ ಸೇರಿದ್ದಿತು. ೧೯೫೬ರ ನವೆಂಬರ್ ೧ರಂದು ಈ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಬಂದ ಮೇಲೆ, ೧೯೬೧ರಲ್ಲಿ ನಮ್ಮ ರಾಜ್ಯವೂ ಇದೇ ಬಗೆಯ ಭೂಸುಧಾರಣಾ ಕಾಯಿದೆಯೊಂದನ್ನು ಮಾಡಿಕೊಂಡಿತು.

ಒಡ್ಡುಗಳ ನಡುವಿನ ಅಂತರವನ್ನು ಮನಬಂದಂತೆ ಇಡುವುದಿಲ್ಲ; ಅದಕ್ಕೊಂದು ಸೂತ್ರವಿದೆ. ಹೊಲದ ಇಳಿಜಾರು ಶೇಕಡಾ ಎಷ್ಟೆಂದು ಅಳೆದು, ಅದನ್ನು ೩ರಿಂದ ಭಾಗಿಸಿ, ೨ ಕೂಡಿಸಿ, ಬಂದುದನ್ನು ೦.೩ರಿಂದ ಗುಣಿಸಿದರೆ, ಎಷ್ಟು ಮೀಟರು ಇಳಿತಕ್ಕೊಂದು ಒಡ್ಡು ಬೇಕೆಂಬುದು ದೊರೆಯುತ್ತದೆ. ನೂರು ಮೀಟರಿಗೆ ಒಂದೂವರೆ ಮೀಟರು ಇಳಿಯುವ ಹೊಲದಲ್ಲಿ ಈ ಲೆಕ್ಕದಿಂದ ಬರುವುದು ೦.೭೫ ಮೀಟರು. ಅಷ್ಟು ಇಳಿಯಲು ೫೦ ಮೀಟರು ನಡೆಯಬೇಕಾದುದರಿಂದ, ೫೦ ಮೀಟರಿಗೊಂದು ಒಡ್ಡು. ಸಮಪಾತಳಿಯ ಮೇಲೆ ಸಾಗುವ ಈ ಸಾಲು ಮೇಲಿನವನ ಹೊಲದಲ್ಲಿ ಹುಟ್ಟಿ ನೆರೆಯವನ ಹೊಲದಲ್ಲಿ ಮುಂದುವರಿಯುತ್ತದೆ. ಸರ್ವೆ ಕಲ್ಲುಗಳ ನೇರ ಗೆರೆಗೂ ಈ ಡೊಂಕು ಗೆರೆಗೂ ಹೊಂದಾಣಿಕೆಯಿಲ್ಲ.

ಎರೆಮಣ್ಣು ಕಲಿಸಿದ ಪಾಠ

ಕಾಯಿದೆಯಿಂದ ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಹಗುರವಾದ ಮಸಬು ನೆಲದಲ್ಲಿ ಸಮಪಾತಳಿ ಒಡ್ಡುಗಳು ಚೆನ್ನಾಗಿ ಕೆಲಸ ಮಾಡಿದವು. ನಿಂತ ನೀರು ಬೇಗನೆ ಇಂಗಿತು. ಆಳವಾದ ಎರೆಭೂಮಿಯಲ್ಲಿ ಅದೇ ಒಡ್ಡು ತೊಡಕನ್ನುಂಟುಮಾಡಿತು. ಎರೆಮಣ್ಣು ಒದ್ದೆಯಾದಾಗ ಉಬ್ಬಿ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಒಡ್ಡಿನ ಹಿಂದೆ ದಿನಗಟ್ಟಲೆ ನಿಂತು ಬೆಳೆ ಹಳದಿಯಾಗುತ್ತದೆ. ಬೇಸಗೆಯಲ್ಲಿ ಅದೇ ಮಣ್ಣು ಬಿರಿಯುವುದರಿಂದ ಒಡ್ಡಿನಲ್ಲಿಯೂ ಬಿರುಕು ಬಿಡುತ್ತದೆ. ಮೊದಲ ದೊಡ್ಡ ಮಳೆಗೆ ಆ ಬಿರುಕಿನಲ್ಲಿ ನೀರು ನುಗ್ಗಿ ಒಡ್ಡು ಕಡಿಯುತ್ತದೆ.

ಆದುದರಿಂದ ಆಳವಾದ ಎರೆಭೂಮಿಗೆ ಇಳುಕಲು ಬದುಗಳು ಯೋಗ್ಯವೆಂದು ತಜ್ಞರು ಸೂಚಿಸಿದರು. ಇಲ್ಲಿ ಬದುವನ್ನು ಪೂರ್ಣ ಸಮಪಾತಳಿಯಲ್ಲಿ ಹಾಕದೆ, ನೂರು ಮೀಟರಿಗೆ ೧೦ರಿಂದ ೩೦ ಸೆಂಟಿಮೀಟರು ಮಾತ್ರ ಇಳಿಯುವಂತೆ ಹಾಕುತ್ತಾರೆ. ನೀರು ಮಣ್ಣನ್ನು ಕೊರೆಯದಷ್ಟು ಮೆಲ್ಲಗೆ ನಡೆದು, ಹುಲ್ಲು ಬೆಳೆಸಿದ ಹಾದಿಯ ಮೂಲಕ ಹಳ್ಳವನ್ನು ಸೇರುತ್ತದೆ. ಆ ಹುಲ್ಲಿನ ಹಾದಿಗೆ ಜಾಗ ಯಾರು ಕೊಡಬೇಕು? ಒಬ್ಬನಾದರೂ ತನ್ನ ಹೊಲದ ಒಂದು ಪಟ್ಟಿಯನ್ನು ಊರಿಗಾಗಿ ಬಿಡಲೇಬೇಕು. ಇಲ್ಲವಾದರೆ ಉತ್ತಮ ಬದುಗಳೂ ನೀರನ್ನು ತಂದು ಯಾರದೋ ಹೊಲದ ನಡುವೆ ಸುರಿಯುವುವು. ಹೆಚ್ಚಿನ ಜಗಳಗಳು ಹುಟ್ಟುವುದು ಇಲ್ಲಿಯೇ.

ಸವಳು ಏಳುವ ಬಗೆ

ಇನ್ನು ನದಿಯ ದಂಡೆಯ ರೈತನ ಕಡೆಗೆ ಬರೋಣ. ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಕಬ್ಬಿನ ಸೀಮೆಯಲ್ಲಿ ನೆಲವು ಬಿಳಿಯ ಪುಡಿ ಚೆಲ್ಲಿದಂತೆ ಕಾಣುವ ಹೊಲಗಳಿವೆ. ಕಬ್ಬು ಅಲ್ಲಿ ಗಿಡ್ಡಾಗಿ, ನಡುನಡುವೆ ತೆರಪು ಬಿದ್ದು ನಿಂತಿರುತ್ತದೆ. ಇದನ್ನು ಜನರು ಸವಳು ಎನ್ನುತ್ತಾರೆ. ನೀರು ಜಿನುಗುತ್ತಿರುವ ನೆಲವನ್ನು ಜವಳು ಎನ್ನುತ್ತಾರೆ. ಎರಡೂ ಒಂದೇ ವ್ಯಾಧಿಯ ಎರಡು ಅವಸ್ಥೆಗಳು.

ಬೇರಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಕೊಟ್ಟ ನೀರು ಕೆಳಕ್ಕಿಳಿದು ಅಂತರ್ಜಲವನ್ನು ಸೇರುತ್ತದೆ. ವರ್ಷದಿಂದ ವರ್ಷಕ್ಕೆ ಅಂತರ್ಜಲದ ಮಟ್ಟ ಏರುತ್ತದೆ. ಅದು ನೆಲದಿಂದ ಒಂದೂವರೆ ಎರಡು ಮೀಟರಿನೊಳಗೆ ಬಂದಾಗ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಎರೆಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮೇಲೇರತೊಡಗುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ. ಅದರಲ್ಲಿ ಕರಗಿದ್ದ ಲವಣ ಮಾತ್ರ ಮೇಲ್ಮೈಯಲ್ಲಿ ಉಳಿಯುತ್ತದೆ.

ಇದಕ್ಕೂ ಒಂದು ಲೆಕ್ಕವಿದೆ. ಬಾವಿಯ ನೀರಿನ ಲೀಟರಿಗೆ ಅರ್ಧ ಗ್ರಾಮು ಲವಣವಿದೆಯೆಂದು ಹಿಡಿಯೋಣ. ಬಾಯಿಗೆ ಅದು ಉಪ್ಪೆನಿಸದು. ವರ್ಷಕ್ಕೆ ೧,೫೦೦ ಮಿಲಿಮೀಟರು ನೀರು ಹಾಯಿಸಿದರೆ ಎಕರೆಗೆ ಸುಮಾರು ೬೦ ಲಕ್ಷ ಲೀಟರು ನೀರಾಯಿತು. ಅದರೊಡನೆ ಹೊಲಕ್ಕೆ ಬಂದ ಲವಣ ಸುಮಾರು ೩ ಟನ್ನು. ಹೊರಹೋಗಲು ದಾರಿಯಿಲ್ಲದಿದ್ದರೆ ಅದೆಲ್ಲವೂ ಅಲ್ಲಿಯೇ ಶೇಖರವಾಗುತ್ತದೆ. ೨೦೦೫ ಮತ್ತು ೨೦೧೯ರಂತಹ ದೊಡ್ಡ ನೆರೆಗಳು ಬಂದಾಗ ತಗ್ಗಿನ ನೆಲ ಇನ್ನಷ್ಟು ಕಾಲ ನೀರುಂಡು ನಿಲ್ಲುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಸವಳು ಏಳುವ ಹೊಲದವನೇ ಹೆಚ್ಚು ನೀರು ಹಾಯಿಸಿದವನೆಂದು ಹೇಳುವಂತಿಲ್ಲ. ಮೇಲ್ಭಾಗದವನು ಹಾಯಿಸಿದ ನೀರು ನೆಲದೊಳಗೆ ಸರಿದು ತಗ್ಗಿನವನ ಬೇರಿಗೆ ಬಂದು ಮುಟ್ಟುತ್ತದೆ. ಒಣ ಸೀಮೆಯಲ್ಲಿ ನೀರು ನೆಲದ ಮೇಲೆ ಗಡಿ ದಾಟಿತು. ಇಲ್ಲಿ ಅದು ನೆಲದ ಕೆಳಗೆ ಗಡಿ ದಾಟುತ್ತದೆ. ವ್ಯತ್ಯಾಸ ಇಷ್ಟೇ: ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಕಾಣದು.

ಬಸಿಗಾಲುವೆ ಮತ್ತು ಜಿಪ್ಸಂ

ಸವಳಿಗೆ ಮುಖ್ಯವಾದ ಪರಿಹಾರ ನೀರನ್ನು ಬಸಿಯುವುದು. ತೆರೆದ ಬಸಿಗಾಲುವೆ ಒಂದು ಬಗೆ. ಸಣ್ಣ ರಂಧ್ರಗಳುಳ್ಳ ಪ್ಲಾಸ್ಟಿಕ್ ಕೊಳವೆಗಳನ್ನು ನೆಲದೊಳಗೆ ಹೂಳಿ, ಅವುಗಳಿಗೆ ಸೇರಿದ ನೀರನ್ನು ಹಳ್ಳಕ್ಕೆ ಬಿಡುವುದು ಇನ್ನೊಂದು ಬಗೆ. ಹರಿಯಾಣದ ಕರ್ನಾಲದಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ಕೇಂದ್ರೀಯ ಲವಣ ಮಣ್ಣು ಸಂಶೋಧನಾ ಸಂಸ್ಥೆಯು ಇಂತಹ ವಿಧಾನಗಳನ್ನು ಅಭ್ಯಸಿಸಿದೆ. ನಮ್ಮ ಸೀಮೆಯ ಉಗಾರ ಬುದ್ರುಕದಲ್ಲಿಯೂ ನೆಲದಡಿಯ ಕೊಳವೆಗಳ ಕಾಮಗಾರಿ ನಡೆದಿದೆ. ಮಳೆಯ ನೀರೋ ಸಿಹಿನೀರೋ ಮೇಲಿನಿಂದ ಇಳಿದಾಗ ಲವಣವನ್ನು ಕರಗಿಸಿಕೊಂಡು ಕೊಳವೆಯ ಮೂಲಕ ಹೊರಗೆ ಹೋಗುತ್ತದೆ.

ಆದರೆ ಕೆಲವು ಹೊಲಗಳಲ್ಲಿ ಸೋಡಿಯಂ ಅಂಶವು ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತದೆ. ಇಂತಹ ಕ್ಷಾರ ಮಣ್ಣಿನಲ್ಲಿ ಕಣಗಳು ಒಂದರಿಂದೊಂದು ಬಿಡಿಸಿಕೊಂಡು ರಂಧ್ರಗಳನ್ನು ತುಂಬುವುದರಿಂದ ನೀರು ಇಳಿಯುವುದೇ ಇಲ್ಲ. ಅಲ್ಲಿ ಮೊದಲು ಜಿಪ್ಸಂ ಬೇಕು. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಸೋಡಿಯಂನ ಸ್ಥಾನವನ್ನು ಆಕ್ರಮಿಸಿ ಕಣಗಳನ್ನು ಮತ್ತೆ ಗುಂಪುಗೂಡಿಸುತ್ತದೆ. ಬಿಡುಗಡೆಯಾದ ಸೋಡಿಯಂ ನೀರಿನೊಡನೆ ಹೊರಹೋಗಬೇಕು. ಬಸಿಗಾಲುವೆಯಿಲ್ಲದೆ ಜಿಪ್ಸಂ ಹಾಕಿದವನು ಕಸವನ್ನು ಗುಡಿಸಿ ಮನೆಯೊಳಗೇ ಇಟ್ಟುಕೊಂಡಂತಾಗುವುದು.

ಬಸಿಗಾಲುವೆಯೂ ಒಬ್ಬನಿಂದಾಗುವ ಕೆಲಸವಲ್ಲ. ತನ್ನ ಹೊಲದ ನೀರನ್ನು ಹಳ್ಳದ ವರೆಗೆ ಒಯ್ಯಲು ರೈತನು ನಡುವಿನ ಹೊಲಗಳನ್ನು ದಾಟಬೇಕು. ಹಳ್ಳವೇ ಹೂಳು, ಜಾಲಿ, ಅತಿಕ್ರಮಣಗಳಿಂದ ಮುಚ್ಚಿದ್ದರೆ ಕೊಳವೆಯಿಂದ ಏನು ಪ್ರಯೋಜನ?

ಇಂದಿನ ಸಹಾಯ

ಇಂದು ರೈತನಿಗೆ ದೊರೆಯುವ ಸಹಾಯದಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ಒಂದು, ರೈತನನ್ನು ನೋಡಿ ಕೊಡುವ ಸಹಾಯ. ೨೦೧೯ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ ನಿಧಿ, ೨೦೧೬ರ ಫಸಲು ವಿಮೆ, ಹನಿ ನೀರಾವರಿಯ ಸಹಾಯಧನ ಇವು ಆ ಬಗೆಯವು. ೨೦೧೪ರಲ್ಲಿ ನಮ್ಮ ರಾಜ್ಯದ ಒಣ ಸೀಮೆಗಾಗಿ ಬಂದ ‘ಕೃಷಿ ಭಾಗ್ಯ’ವು ಹೊಲದಲ್ಲಿ ಹೊಂಡ ತೋಡಿಸಿ, ಹೊದಿಕೆ ಹಾಕಿಸಿ, ಮಳೆಯ ನೀರನ್ನು ಕಷ್ಟಕಾಲಕ್ಕೆ ಉಳಿಸಲು ನೆರವಾಯಿತು. ೨೦೦೫ರ ಉದ್ಯೋಗ ಖಾತರಿ ಕಾಯಿದೆಯಡಿಯಲ್ಲಿಯೂ ರಾಜ್ಯದ ಎಷ್ಟೋ ಹೊಲಗಳಲ್ಲಿ ಬದುಗಳೂ ಹೊಂಡಗಳೂ ನಿರ್ಮಿಸಲ್ಪಟ್ಟವು.

ಇನ್ನೊಂದು, ನೆಲದ ಇಳಿಜಾರನ್ನು ನೋಡಿ ಕೊಡುವ ಸಹಾಯ. ಒಂದು ಹಳ್ಳಕ್ಕೆ ನೀರು ಹರಿದುಬರುವ ಭೂಭಾಗವೆಲ್ಲ ಸೇರಿ ಒಂದು ಜಲಾನಯನ. ಸುಮಾರು ೫೦೦ ಹೆಕ್ಟೇರಿನ ಕಿರು ಜಲಾನಯನವನ್ನು ಘಟಕವಾಗಿ ಹಿಡಿದು, ದಿನ್ನೆಯ ನೆತ್ತಿಯಿಂದ ಕೆಲಸವನ್ನಾರಂಭಿಸಿ ಕಣಿವೆಗೆ ಇಳಿಯುವುದು ಇದರ ಕ್ರಮ. ಈ ಕೆಲಸಕ್ಕಾಗಿಯೇ ಕರ್ನಾಟಕದಲ್ಲಿ ೨೦೦೦ದಲ್ಲಿ ಪ್ರತ್ಯೇಕವಾದ ಜಲಾನಯನ ಇಲಾಖೆ ರೂಪುಗೊಂಡಿತು.

ಹೊರದೇಶದ ಅನುಭವವೂ ಇದನ್ನೇ ಹೇಳುತ್ತದೆ. ೧೯೩೦ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯ ಮಣ್ಣು ಧೂಳಾಗಿ ಆಕಾಶಕ್ಕೆದ್ದಾಗ, ಹ್ಯೂ ಹ್ಯಾಮಂಡ್ ಬೆನೆಟ್ ಎಂಬ ಮಣ್ಣುವಿಜ್ಞಾನಿಯ ಪ್ರಯತ್ನದಿಂದ ೧೯೩೫ರಲ್ಲಿ ಭೂಸಂರಕ್ಷಣೆಯ ಕಾಯಿದೆಯಾಯಿತು. ಎರಡು ವರ್ಷಗಳ ತರುವಾಯ ರೈತರೇ ನಡೆಸುವ ಸಂರಕ್ಷಣಾ ವಿಭಾಗಗಳು ಹುಟ್ಟಿದವು. ೧೯೩೭ರಲ್ಲಿ ಉತ್ತರ ಕೆರೊಲಿನಾದಲ್ಲಿ ಸ್ಥಾಪಿತವಾದ ಮೊದಲನೆಯ ವಿಭಾಗದ ಹೆಸರು ‘ಬ್ರೌನ್ ಕ್ರೀಕ್’. ಅದು ಒಂದು ಹಳ್ಳದ ಹೆಸರು.

ಒಬ್ಬೊಬ್ಬನಿಗೆ ಕೊಡುವ ಸಹಾಯ ವ್ಯರ್ಥವೆಂದು ಇದರ ಅರ್ಥವಲ್ಲ. ಮೇಲ್ಭಾಗದವನು ಹನಿ ನೀರಾವರಿಯನ್ನು ಅಳವಡಿಸಿದರೆ ತಗ್ಗಿನವನ ಸವಳೂ ಕಡಿಮೆಯಾಗುವುದು. ಆದರೆ ಮೇಲ್ಭಾಗದವನು ಅರ್ಜಿ ಹಾಕದೆ ತಗ್ಗಿನವನೊಬ್ಬನೇ ಹಾಕಿದರೆ ಫಲ ಅರ್ಧವೂ ದೊರೆಯದು. ಸಹಾಯವು ಎಷ್ಟು ಅರ್ಜಿಗಳಿಗೆ ಸಂದಿತೆಂಬುದರ ಜೊತೆಗೆ, ಒಂದೇ ಹಳ್ಳದ ಎಷ್ಟು ಹೊಲಗಳಿಗೆ ಕೂಡಿ ಸಂದಿತೆಂಬುದನ್ನೂ ನೋಡಬೇಕು.

ವಿದ್ಯಾರ್ಥಿಗಳಿಗೆ ಮೂರು ಅಭ್ಯಾಸಗಳು

ಮೊದಲನೆಯದು: ಮಳೆ ನಿಂತ ಕೂಡಲೇ ಹೊಲದ ಸಾಲಿನಲ್ಲಿ ಹರಿಯುವ ಕೆಂಪು ಅಥವಾ ಕಪ್ಪು ನೀರನ್ನು ಒಂದೊಂದು ಲೀಟರಿನಂತೆ ಎರಡು ಬಾಟಲಿಗಳಲ್ಲಿ ಹಿಡಿಯಿರಿ. ತುಂಬಿ ಹರಿಯುವ ಹಳ್ಳದ ಬಳಿಗೆ ಹೋಗಬೇಡಿರಿ. ಒಂದು ಬಾಟಲಿಗೆ ಒಂದು ಚಮಚ ಜಿಪ್ಸಂ ಪುಡಿಯನ್ನು ಹಾಕಿ ಕುಲುಕಿ ಎರಡನ್ನೂ ನಿಲ್ಲಿಸಿರಿ. ಯಾವುದು ಬೇಗ ತಿಳಿಯಾಯಿತೆಂಬುದನ್ನು ಗಮನಿಸಿದರೆ ಕ್ಯಾಲ್ಸಿಯಂನ ಕೆಲಸ ಅರ್ಥವಾಗುವುದು. ಜಿಪ್ಸಂ ಹಾಕದ ಬಾಟಲಿಯ ನೀರನ್ನು ಪೂರ್ಣವಾಗಿ ಆರಿಸಿ, ಉಳಿದ ಮಣ್ಣನ್ನು ತೂಗಿರಿ. ಅದು ೧೦ ಗ್ರಾಮಾದರೆ, ಎಕರೆಯಿಂದ ಹರಿದುಹೋದ ೩೦,೦೦೦ ಲೀಟರು ನೀರಿನೊಡನೆ ಎಷ್ಟು ಮಣ್ಣು ಹೋಯಿತು?

ಎರಡನೆಯದು: ತಳದಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ಒಣಗಿದ ಎರೆಮಣ್ಣನ್ನು ತುಂಬಿ, ಉಪ್ಪು ಬೆರೆಸಿದ ನೀರಿನ ತಟ್ಟೆಯಲ್ಲಿಡಿರಿ. ಮೇಲಿನಿಂದ ನೀರು ಹಾಕಬೇಡಿರಿ. ತಟ್ಟೆಯ ನೀರು ಆರದಂತೆ ನೋಡಿಕೊಳ್ಳಿರಿ. ಕೆಲವು ವಾರಗಳಲ್ಲಿ ಮಣ್ಣಿನ ಮೇಲ್ಮೈಯಲ್ಲಿ ಬಿಳಿಯ ಪದರ ಕಾಣಿಸುವುದು. ಇದೇ ಸವಳು.

ಮೂರನೆಯದು: ಮನೆಯಲ್ಲಿ ಮಣ್ಣು ಆರೋಗ್ಯ ಚೀಟಿಯಿದ್ದರೆ ತೆಗೆದು ಓದಿರಿ. ೨೦೧೫ರಲ್ಲಿ ಆರಂಭವಾದ ಈ ಯೋಜನೆಯ ಚೀಟಿಯಲ್ಲಿ ಹನ್ನೆರಡು ಅಂಶಗಳಿರುತ್ತವೆ. ಗೊಬ್ಬರದ ಪ್ರಮಾಣವನ್ನಷ್ಟೇ ನೋಡದೆ, ರಸಸಾರ ಮತ್ತು ವಿದ್ಯುದ್ವಾಹಕತೆ ಎಂಬ ಎರಡು ಅಂಕಗಳನ್ನು ನೋಡಿರಿ. ರಸಸಾರವು ೮.೫ನ್ನು ಮೀರಿದ್ದರೆ ಸೋಡಿಯಂ ಸೇರಿರಬಹುದೆಂದೂ, ವಿದ್ಯುದ್ವಾಹಕತೆ ಹೆಚ್ಚಾಗಿದ್ದರೆ ಲವಣ ಸೇರಿದೆಯೆಂದೂ ತಿಳಿಯಬೇಕು. ಬಳಿಕ ನೆರೆಯ ಹೊಲದವರ ಚೀಟಿಗಳನ್ನೂ ಕೇಳಿ ಪಡೆದು, ಊರಿನ ನಕ್ಷೆಯ ಮೇಲೆ ಈ ಅಂಕಗಳನ್ನು ಬರೆಯಿರಿ. ದಿನ್ನೆ ಎಲ್ಲಿ, ತಗ್ಗು ಎಲ್ಲಿ, ಹಳ್ಳ ಎಲ್ಲಿ ಎಂಬುದನ್ನೂ ಗುರುತಿಸಿರಿ.

ಈ ನಕ್ಷೆ ಸಿದ್ಧವಾದಾಗ, ಅಥಣಿಯ ದಿನ್ನೆಯ ರೈತನಿಗೂ ಕೃಷ್ಣೆಯ ದಂಡೆಯ ರೈತನಿಗೂ ಇರುವುದು ಒಂದೇ ಪ್ರಶ್ನೆಯೆಂಬುದು ನಿಮಗೆ ಸ್ಪಷ್ಟವಾಗುವುದು: ನನ್ನ ಹೊಲಕ್ಕೆ ನೀರು ಯಾರ ಹೊಲದಿಂದ ಬರುತ್ತದೆ, ಮತ್ತು ನನ್ನ ಹೊಲದಿಂದ ಯಾರ ಹೊಲಕ್ಕೆ ಹೋಗುತ್ತದೆ? ಒಡ್ಡಿಗೂ ಬಸಿಗಾಲುವೆಗೂ ಬೇಕಾದ ಹಣವನ್ನು ಸರಕಾರ ಕೊಡಬಹುದು. ಆ ಪ್ರಶ್ನೆಗೆ ಉತ್ತರವನ್ನು ಮಾತ್ರ ನೆರೆಯವರಿಬ್ಬರು ಬದುವಿನ ಮೇಲೆ ಕೂಡಿ ನಿಂತು ಕಂಡುಕೊಳ್ಳಬೇಕು.